ಅಚ್ಚಾಗಿ ಬೀಗದೊಳಗೆ ಕೂತ ಚರಿತ್ರೆ
(ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಚರಿತ್ರೆ ಓದಿದವನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಆದರೆ ಒಂದು ಮಾತು ನನಗೆ ಚೆನ್ನಾಗಿ ಗೊತ್ತು. ಅಚ್ಚಾದದ್ದನ್ನು ಜನ ನಂಬುತ್ತಾರೆ. ಏನು ಅಚ್ಚಾಗಬೇಕು ಎಂಬುದಕ್ಕೆ ಬಡಿದಾಟ ನಡೆಯುವುದು ಅದಕ್ಕೇ.

ಈಚೆಗೆ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಮೂಲ ಊರು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್. ಮಹಾರಾಣಾ ಪ್ರತಾಪ್ ಜಯಂತಿಗೆ ಆಹ್ವಾನ ಪತ್ರಿಕೆ ಬೇಕು, ಐನೂರು ಪ್ರತಿ. ಮ್ಯಾಟರ್ ಪೂರ್ತಿ ಹಿಂದಿ. "ಮನೇಲಿ ಏನು ಮಾತಾಡ್ತೀಯಪ್ಪಾ?" ಅಂದೆ. "ಮನೇಲಿ ಮಾರ್ವಾಡಿ, ಅಂಗಡೀಲಿ ಕನ್ನಡ ಅಣ್ಣಾ" ಅಂದ. "ಮತ್ತೆ ಹಿಂದಿ?" ನಕ್ಕುಬಿಟ್ಟ. "ಪತ್ರಿಕೆಗೆ ಅಷ್ಟೇ ಅಣ್ಣಾ. ನಮ್ಮ ಭಾಷೇಲಿ ಯಾರು ಪ್ರಿಂಟ್ ಮಾಡಿಸ್ತಾರೆ?"

ಆ ಮಾತು ನನ್ನನ್ನು ಬಿಡಲಿಲ್ಲ. ರಜಪೂತರ ಚರಿತ್ರೆಗಾಗಿ ಈ ದೇಶದಲ್ಲಿ ಎಷ್ಟು ಗಲಾಟೆ! 2017ರಲ್ಲಿ ಜೈಪುರದಲ್ಲಿ ಪದ್ಮಾವತಿ ಸಿನಿಮಾದ ಸೆಟ್ಟಿಗೆ ನುಗ್ಗಿ ಹೊಡೆದರು. ಹೆಸರು ಬದಲಿಸಿಕೊಂಡು 2018ರಲ್ಲಿ ಅದು ತೆರೆಗೆ ಬಂತು. ಅಲ್ಲಾವುದ್ದೀನ್ ಖಿಲ್ಜಿ ಚಿತ್ತೋಡ ಹಿಡಿದದ್ದು 1303ರಲ್ಲಿ. ಜಾಯಸಿ ಅವಧಿ ಭಾಷೆಯಲ್ಲಿ ಪದ್ಮಾವತ್ ಕಾವ್ಯ ಬರೆದದ್ದು 1540ರಲ್ಲಿ. ನಡುವೆ ಇನ್ನೂರ ಮೂವತ್ತೇಳು ವರ್ಷ. ಈ ಲೆಕ್ಕ ಹೇಳಲು ಹೋದವರಿಗೆ ಬೈಗುಳವೇ ಸಿಕ್ಕಿತು.

ಹಲ್ದಿಘಾಟಿಯದೂ ಅದೇ ಕಥೆ. 1576ರ ಆ ಯುದ್ಧದಲ್ಲಿ ಪ್ರತಾಪನೇ ಗೆದ್ದನೆಂದು 2017ರಲ್ಲಿ ರಾಜಸ್ಥಾನದ ಶಾಲಾ ಪಠ್ಯ ಹೇಳಿತು. ಸರ್ಕಾರ ಬದಲಾದ ಮೇಲೆ ಮತ್ತೆ ಪಠ್ಯದ ಜಗಳ. 2021ರಲ್ಲಿ ರಕ್ತ ತಲಾಯಿಯಲ್ಲಿದ್ದ ಫಲಕವನ್ನು ಪುರಾತತ್ವ ಇಲಾಖೆ ಕಿತ್ತಿತು, ಪ್ರತಾಪನ ಸೈನ್ಯ ಹಿಂದೆ ಸರಿಯಿತು ಎಂದು ಅದರಲ್ಲಿತ್ತು ಎಂಬ ಕಾರಣಕ್ಕೆ.

ಹಿಂದೆ ಸರಿದರೆ ಏನು ಅವಮಾನ? ಆತ ಬೆಟ್ಟ ಹತ್ತಿ ಉಳಿದುಕೊಂಡ, ಶರಣಾಗಲಿಲ್ಲ. 1582ರಲ್ಲಿ ದಿವೇರ್‌ನಲ್ಲಿ ಹೊಡೆದ. 1597ರಲ್ಲಿ ಸಾಯುವ ಹೊತ್ತಿಗೆ ಚಿತ್ತೋಡ ಬಿಟ್ಟು ಮೇವಾಡದ ಬಹುಪಾಲು ಅವನ ಕೈಯಲ್ಲಿತ್ತು. ಇಷ್ಟು ಸಾಲದೇ? ಹಲ್ದಿಘಾಟಿಯಲ್ಲಿ ಅಕ್ಬರನ ಸೇನೆ ನಡೆಸಿದವನು ಆಮೇರಿನ ರಜಪೂತ ಮಾನ್‌ಸಿಂಗ್. ಪ್ರತಾಪನ ಮುಂಪಡೆಯಲ್ಲಿ ನಿಂತವನು ಪಠಾಣ ಹಕೀಮ್ ಖಾನ್ ಸೂರ್. ಜೊತೆಗೆ ಭಿಲ್ಲರು. ಮೊಗಲರ ಕಡೆ ಇದ್ದ ಬದಾಯೂನಿ ಅಂದಿನ ಗೊಂದಲವನ್ನು ತಾನೇ ಬರೆದಿದ್ದಾನೆ. ನಮ್ಮ ರಜಪೂತ ಯಾರು, ಅವರ ರಜಪೂತ ಯಾರು ಗೊತ್ತಾಗುತ್ತಿಲ್ಲ ಎಂದು ಕೇಳಿದರೆ, ಬಾಣ ಬಿಡು, ಯಾರು ಸತ್ತರೂ ಇಸ್ಲಾಮಿಗೆ ಲಾಭವೇ ಎಂದು ಸರದಾರ ಹೇಳಿದನಂತೆ. ಇಂಥ ಯುದ್ಧ ಒಂದು ಫಲಕದಲ್ಲಿ ಹಿಡಿಸೀತೇ?

ನಮಗೆ ಗೊತ್ತಿರುವ ರಜಪೂತ ಚರಿತ್ರೆಯ ಮೊದಲ ಅಚ್ಚು ಇಂಗ್ಲಿಷಿನದು. ಉದಯಪುರದಲ್ಲಿ ಕಂಪನಿಯ ಏಜೆಂಟನಾಗಿದ್ದ ಜೇಮ್ಸ್ ಟಾಡ್ 1829 ಮತ್ತು 1832ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟ ತಂದ. ಹಲ್ದಿಘಾಟಿಯನ್ನು ಗ್ರೀಸಿನ ಥರ್ಮೊಪಿಲೆಗೆ ಹೋಲಿಸಿದ. ಅಲ್ಲಿಂದ ಬಂಗಾಳಿ ನಾಟಕಕ್ಕೆ, ಕಾದಂಬರಿಗೆ, ಹಿಂದಿಗೆ, ಕೊನೆಗೆ ಎಲ್ಲರ ಪಾಠಪುಸ್ತಕಕ್ಕೆ.

ಆದರೆ ಅಲ್ಲಿಯವನೇ ಒಬ್ಬನಿದ್ದ, ಕವಿರಾಜ ಶ್ಯಾಮಲದಾಸ. ಚಾರಣ ಕುಲ. ರಾಜರನ್ನು ಹಾಡಿ ಹೊಗಳುವುದೇ ಮನೆತನದ ಕಸುಬು. ಅಂಥವನು ಶಾಸನ, ಫರ್ಮಾನು, ಪಾರಸಿ ಕಡತ ಎಲ್ಲ ತರಿಸಿ ಕೂತ. ಪೃಥ್ವೀರಾಜ ರಾಸೋ ಪೃಥ್ವೀರಾಜನ ಕಾಲದ್ದಲ್ಲ, ತಾರೀಖುಗಳು ಹೊಂದುವುದಿಲ್ಲ ಎಂದು 1886ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ತನ್ನ ಕುಲದವರೇ ತಲೆಯ ಮೇಲೆ ಹೊತ್ತಿದ್ದ ಕಾವ್ಯ ಅದು! 1893ರಲ್ಲಿ ಬ್ಯೂಲರ್ ಎಂಬ ಜರ್ಮನ್ ಪಂಡಿತನೂ ಅದನ್ನೇ ಹೇಳಿದ. ಸೊಸೈಟಿ ರಾಸೋ ಅಚ್ಚು ನಿಲ್ಲಿಸಿತು.

ಶ್ಯಾಮಲದಾಸನ ದೊಡ್ಡ ಕೆಲಸ 'ವೀರ ವಿನೋದ', ಮೇವಾಡದ ಚರಿತ್ರೆ. ಬರೆಸಿದ್ದು ಅರಮನೆ. ಉದಯಪುರದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಪುಟ ಅಚ್ಚಾಯಿತು. ಹೊರಗೆ ಮಾತ್ರ ಬರಲಿಲ್ಲ. ಮಹಾರಾಣಾ ಫತೇಸಿಂಗ್ ಬಿಡಲಿಲ್ಲ. ಪ್ರತಿಗಳೆಲ್ಲ ದಶಕಗಟ್ಟಲೆ ಬೀಗದೊಳಗೆ ಕೂತವು. ಅಷ್ಟು ಮೊಳೆ ಜೋಡಿಸಿ, ಪ್ರೂಫ್ ನೋಡಿ, ಫಾರಂ ಮಡಿಸಿದ ಕೆಲಸಗಾರರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಚರಿತ್ರೆಗೆ ಹೊರಗಿನವರಿಂದ ಅನ್ಯಾಯ ಎಂದು ಕೂಗುವ ಮೊದಲು ಆ ಬೀಗ ಯಾರದು ಎಂದು ಕೇಳಬೇಕು.

ವೀರ ವಿನೋದವೂ ಹಿಂದಿಯಲ್ಲೇ ಇದೆ. ಅದಕ್ಕೂ ಇನ್ನೂರು ವರ್ಷ ಮೊದಲು ಜೋಧಪುರದ ದಿವಾನ ಮುಹ್ಣೋತ್ ನೈಣಸಿ ತನ್ನ ಮಾರ್ವಾಡಿಯಲ್ಲೇ 'ಖ್ಯಾತ' ಬರೆದಿದ್ದ. ಮಾರ್ವಾಡದ ಪರಗಣೆಗಳ 'ವಿಗತ'ವನ್ನೂ ಬರೆಸಿದ. ಅದರಲ್ಲಿ ಬರೀ ಕತ್ತಿ ಕುದುರೆ ಇಲ್ಲ. ಊರು, ಬಾವಿ, ಜಾತಿ, ಕಂದಾಯ ಎಲ್ಲದರ ಲೆಕ್ಕ ಇದೆ. ಅವನ ಗತಿ ಏನಾಯಿತು? ದೊರೆಯೇ ಸೆರೆಗೆ ಹಾಕಿದ. 1670ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಇವತ್ತು ಆ ಭಾಷೆ ಎಲ್ಲಿದೆ? ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಎಂದು ರಾಜಸ್ಥಾನ ವಿಧಾನಸಭೆ 2003ರಲ್ಲೇ ನಿರ್ಣಯ ಮಾಡಿತು. ಇನ್ನೂ ಸೇರಿಲ್ಲ. 2011ರ ಜನಗಣತಿಯಲ್ಲಿ ರಾಜಸ್ಥಾನಿ, ಮಾರ್ವಾಡಿ, ಮೇವಾಡಿ ಎಲ್ಲ ಹಿಂದಿಯ ಖಾತೆಗೇ ಜಮಾ. ಪ್ರತಾಪನ ಪ್ರತಿಮೆಗೆ ಹಾರ ಹಾಕಲು ದಿಲ್ಲಿಯಿಂದ ಓಡಿ ಬರುತ್ತಾರೆ. ಅವನ ನಾಡಿನ ಮಾತಿಗೆ ಒಂದು ಸಾಲು ಜಾಗ ಕೊಡುವುದಿಲ್ಲ. ಇಲ್ಲಿ ನಾವೂ ತಪ್ಪಿತಸ್ಥರೇ. ಚಿಕ್ಕಪೇಟೆಯ ಆ ಹುಡುಗನನ್ನು "ಹಿಂದಿಯವನು" ಎಂದು ಕರೆಯುವವರು ಯಾರು? ನೀವು, ನಾನು. ಹಾಗೆ ಕರೆದಾಗೆಲ್ಲ ಹಿಂದಿಯ ಲೆಕ್ಕಕ್ಕೆ ಒಂದು ತಲೆ ಸೇರಿಸಿದೆವು.

ಆ ಹುಡುಗನಿಗೆ ನೈಣಸಿಯ ವಿಷಯ ಹೇಳಿದೆ. ಸೋಜತ್ ಪರಗಣೆಯ ಲೆಕ್ಕವೂ ಆ ವಿಗತದಲ್ಲಿದೆ ಅಂದೆ. ಅವನಿಗೆ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಬಂದ. ಒಂದು ಪುಟ ಮಾರ್ವಾಡಿ, ಹಿಂಬದಿ ಕನ್ನಡ. ಕನ್ನಡದ ಪ್ರೂಫ್ ನಾನು ನೋಡಿದೆ. ಮಾರ್ವಾಡಿ ಪ್ರೂಫ್ ನೋಡುವವರು ಯಾರು? ಪ್ರೆಸ್ಸಿನ ಬಾಗಿಲಲ್ಲೇ ನಿಂತು, ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಒಂದೊಂದೇ ಸಾಲು ಓದಿ ಹೇಳಿದ. ಅಪ್ಪ ಎರಡು ಕಡೆ ತಿದ್ದಿಸಿದರು.