ಬಲಪಕ್ಕೆಯ ನೋವು



ನಾನು ಬಹಳ ವರ್ಷ ದಾದಿಯಾಗಿ ಕೆಲಸ ಮಾಡಿದವಳು. ಇವತ್ತು ಒಂದು ಹೊಟ್ಟೆನೋವಿನ ವಿಷಯ ಹೇಳ್ತೀನಿ. ಬಲಗಡೆ ಪಕ್ಕೆಲುಬಿನ ಕೆಳಗೆ ಬರುವ ನೋವು ಅದು.

ಮೊದಲು ನಮ್ಮ ಮನೆಯ ಕಥೆ ಕೇಳಿ. ಯುಗಾದಿ ಹಬ್ಬ. ತುಪ್ಪ ಹಾಕಿಕೊಂಡು ಒಬ್ಬಟ್ಟು ತಿಂದೆವು. ರಾತ್ರಿ ನಮ್ಮ ಅತ್ತೆಗೆ ಹೊಟ್ಟೆನೋವು ಬಂತು. "ಒಬ್ಬಟ್ಟು ಜಾಸ್ತಿ ಆಯ್ತು, ಬರೀ ವಾಯು" ಅಂದರು. ನಾನು ಓಮದ ಕಷಾಯ ಕಾಸಿ ಕೊಟ್ಟೆ. ಬೆಳಿಗ್ಗೆ "ಹೇಗಿದೆ ಅತ್ತೆ?" ಅಂತ ಕೇಳಿದೆ. "ವಾಸಿ ಕಣಮ್ಮ" ಅಂದರು. ವಾಸಿ ಆಗಿರಲಿಲ್ಲ. ಅವತ್ತು ವರ್ಷತೊಡಕು. ಮನೆ ತುಂಬ ನೆಂಟರು. ನೆಂಟರ ಮುಂದೆ ಮಲಗೋದು ಹೇಗೆ ಅಂತ ಹಲ್ಲು ಕಚ್ಚಿಕೊಂಡು ಓಡಾಡಿದರು. ಎರಡನೇ ರಾತ್ರಿ ಚಳಿಜ್ವರ ಬಂತು. ವಾಂತಿ ಆಯ್ತು. ನೋವು ಬಲ ಹೆಗಲಿನವರೆಗೂ ಹೋಯಿತು. ಆಗ ನನಗೆ ಬುದ್ಧಿ ಬಂತು. ದಾದಿಯ ಮನೆಯಲ್ಲೇ ಹೀಗಾಯ್ತು ನೋಡಿ.

ಅದು ವಾಯು ಅಲ್ಲ. ಅತ್ತೆಯ ಪಿತ್ತಕೋಶ ಊದಿಕೊಂಡಿತ್ತು.

ಪಿತ್ತಕೋಶ ಅಂದರೆ ಏನು? ಕೋಳಿ ಕೊಯ್ದವರಿಗೆ ಗೊತ್ತು. ಲಿವರಿಗೆ ಅಂಟಿಕೊಂಡು ಒಂದು ಹಸಿರು ಚೀಲ ಇರುತ್ತೆ. ಅದು ಒಡೆದರೆ ಸಾರೆಲ್ಲ ಕಹಿ. ಅಂಥದೇ ಚೀಲ ನಮಗೂ ಇದೆ. ಸಣ್ಣ ಬದನೆಕಾಯಿಯ ಆಕಾರ. ಲಿವರಿನಲ್ಲಿ ಪಿತ್ತರಸ ತಯಾರಾಗುತ್ತೆ. ಎಣ್ಣೆ, ತುಪ್ಪ ಜೀರ್ಣ ಆಗಲು ಅದು ಬೇಕು. ಆ ರಸವನ್ನು ಈ ಚೀಲ ಕೂಡಿಟ್ಟುಕೊಳ್ಳುತ್ತೆ. ತಲೆ ಸುತ್ತಿದರೆ "ಪಿತ್ತ ಏರಿದೆ" ಅಂತೀವಲ್ಲ, ಆ ಮಾತು ಬೇರೆ.

ಕೆಲವರಿಗೆ ಈ ರಸ ಗಟ್ಟಿಯಾಗಿ ಕಲ್ಲಾಗುತ್ತೆ. ಮರಳಿನಷ್ಟು ಸಣ್ಣ ಕಲ್ಲೂ ಉಂಟು, ಗೋಲಿಯಷ್ಟು ದಪ್ಪ ಕಲ್ಲೂ ಉಂಟು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಸಿರಿನಲ್ಲಿ ಪಿತ್ತರಸ ಬದಲಾಗುತ್ತೆ, ಅದೂ ಒಂದು ಕಾರಣ. ಕಲ್ಲು ಸುಮ್ಮನೆ ಕೂತಿದ್ದರೆ ತೊಂದರೆ ಇಲ್ಲ. ಸಾಮಾನ್ಯವಾಗಿ ಅದನ್ನು ತೆಗೆಸಬೇಕಾಗಿಯೂ ಇಲ್ಲ. ಆದರೆ ಚೀಲದ ಬಾಯಿಗೆ ಸಿಕ್ಕಿಕೊಂಡರೆ ರಸ ಹೊರಗೆ ಹೋಗಲ್ಲ. ಚೀಲ ಊದುತ್ತೆ. ಕೀವೂ ಆಗಬಹುದು.

ಕಲ್ಲು ಹಿಂದಕ್ಕೆ ಜಾರಿದರೆ ನೋವು ಎರಡು ಮೂರು ಗಂಟೆಯಲ್ಲಿ ಇಳಿಯುತ್ತೆ. ಆಗಲೂ ಡಾಕ್ಟರಿಗೆ ತೋರಿಸಿ. ಐದಾರು ಗಂಟೆ ಆದರೂ ಇಳಿಯದಿದ್ದರೆ, ಜ್ವರ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕಣ್ಣು ಹಳದಿ ಆದರಂತೂ ಕಾಮಾಲೆ ಅಂತ ನಾಟಿಮದ್ದು ಹುಡುಕಿಕೊಂಡು ಹೋಗಬೇಡಿ. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿರಬಹುದು.

ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯ ಬಲಪಕ್ಕೆಯ ಕೆಳಗೆ ಬೆರಳು ಒತ್ತಿ, "ಉಸಿರು ಎಳೀರಮ್ಮ" ಅಂದರು. ಅರ್ಧಕ್ಕೇ ಉಸಿರು ನಿಂತುಹೋಯ್ತು. ಅಷ್ಟು ನೋವು. ಆಮೇಲೆ ರಕ್ತಪರೀಕ್ಷೆ ಮಾಡಿದರು. ಬಸುರಿಯರಿಗೆ ಮಾಡುವ ಸ್ಕ್ಯಾನನ್ನೇ ಮಾಡಿದರು. ಬಾಯಿಗೆ ಏನೂ ಕೊಡಬೇಡಿ ಅಂದರು. ಡ್ರಿಪ್ ಹಾಕಿ, ನಂಜಿಗೆ, ನೋವಿಗೆ ಔಷಧಿ ಕೊಟ್ಟರು. "ಚೀಲ ತೆಗೀಬೇಕು" ಅಂದರು.

"ಕಿತ್ತು ತೆಗೆದರೆ ನಾನು ಬದುಕೋದು ಹೇಗೆ?" ಅಂತ ಅತ್ತೆ ಅತ್ತರು.

ತೊಟ್ಟಿ ಒಡೆದುಹಾಕಿದರೆ ಬಾವಿ ಬತ್ತುತ್ತಾ? ಲಿವರಿನಿಂದ ರಸ ನೇರವಾಗಿ ಕರುಳಿಗೆ ಹೋಗುತ್ತೆ. ಕೆಲವರಿಗೆ ಸ್ವಲ್ಪ ದಿನ ಭೇದಿ ಆಗಬಹುದು, ಅಷ್ಟೆ. ಈ ಚೀಲವನ್ನು ಮೊದಲು ತೆಗೆದದ್ದು 1882ರಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ಆಗ ಹೊಟ್ಟೆ ಕೊಯ್ಯಬೇಕಿತ್ತು. ಈಗ ಮೂರು ನಾಲ್ಕು ಸಣ್ಣ ತೂತು ಮಾಡಿ ತೆಗೀತಾರೆ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾಕ್ಟರ್ ಉಡ್ವಾಡಿಯಾ ಇದನ್ನು ಶುರು ಮಾಡಿದರು. ಬೇಗ ಬಂದವರು ಎರಡು ಮೂರು ದಿನದಲ್ಲಿ ಮನೆಗೆ ಹೋಗ್ತಾರೆ.

ಅತ್ತೆಗೆ ಆ ಭಾಗ್ಯ ಇರಲಿಲ್ಲ. ಚೀಲ ಕೊಳೆಯತೊಡಗಿ ಸುತ್ತಲೂ ಅಂಟಿಕೊಂಡಿತ್ತು. ಹೊಟ್ಟೆ ಕೊಯ್ದೇ ತೆಗೆದರು. ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಈಗ ಚೆನ್ನಾಗಿದ್ದಾರೆ. ಮುದ್ದೆ ಸೊಪ್ಪುಸಾರು ಉಣ್ತಾರೆ. ಒಬ್ಬಟ್ಟನ್ನೂ ಬಿಟ್ಟಿಲ್ಲ.

"ಬಾಳೆದಿಂಡು ತಿಂದರೆ ಕಲ್ಲು ಕರಗಲ್ವಾ?" ಅಂತ ಕಳೆದ ಸಲ ಒಬ್ಬಕ್ಕ ಕೇಳಿದರು. ಪಲ್ಯ ಮಾಡಿ ತಿನ್ನಿ, ಒಳ್ಳೇದೇ. ಆದರೆ ಮೂತ್ರದ ಕಲ್ಲು ಬೇರೆ, ಇದು ಬೇರೆ. ಇದು ಮೂತ್ರದ ಜೊತೆ ಹೊರಗೆ ಬರಲ್ಲ.

ಖರ್ಚಿನ ಚಿಂತೆಗೆ ಮನೆಯಲ್ಲಿ ಕೂರಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ. ಪಡಿತರ ಚೀಟಿ, ಆಧಾರ್ ಕಾರ್ಡ್ ಜೊತೆಗಿರಲಿ. ಅಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಿ. ಅದು 2018ರಲ್ಲಿ ಬಂದ ಯೋಜನೆ.

ಇನ್ನೊಂದು ಮಾತು. "ನೋವು ಯಾವಾಗ ಶುರುವಾಯ್ತು?" ಅಂತ ಡಾಕ್ಟರು ಮೊದಲು ಕೇಳಿದರು. ನಾನು "ನಿನ್ನೆ" ಅಂದೆ. ಅತ್ತೆ ಮೆಲ್ಲಗೆ, "ಇಲ್ಲ, ಸಂಕ್ರಾಂತಿಯಲ್ಲೂ ಬಂದಿತ್ತು, ಶಿವರಾತ್ರಿಯಲ್ಲೂ ಬಂದಿತ್ತು" ಅಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಅಂಥ ನೋವು ಬಂದರೆ ಮನೆಯವರಿಗೆ ಹೇಳಿ. ಬಂದ ದಿನ, ಗಂಟೆ ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ. ಬರೆಯೋಕೆ ಈಗ ನಿಮಗೆ ಬರುತ್ತಲ್ಲ.