ಆನೆಯ ಮೂಗಿನ ಹಿಂದಿನ ಮಿದುಳು



ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ತೋಟಕ್ಕಿಳಿಯುತ್ತವೆ, ಆದ್ದರಿಂದ ಮರಗಳನ್ನೇ ಕಡಿಸಿಬಿಡೋಣ ಎಂಬ ಮಾತು ಕೇಳಿಬರುತ್ತಿದೆ. ಕೊಡಲಿ ಎತ್ತುವ ಮೊದಲು, ಕತ್ತಲಲ್ಲಿ ಆನೆ ನೇರವಾಗಿ ಆ ಮರದ ಬುಡಕ್ಕೇ ಬರುವುದು ಹೇಗೆಂದು ನೋಡೋಣ.

ವಾಸನೆಯ ಮಟ್ಟಿಗೆ ಸೊಂಡಿಲು ಗಾಳಿಯನ್ನು ಒಳಗೊಯ್ಯುವ ಕೊಳವೆಯಷ್ಟೆ. ವಾಸನೆಯನ್ನು ಹಿಡಿಯುವ ನರಕೋಶಗಳಿರುವುದು ತಲೆಬುರುಡೆಯೊಳಗೆ. ಅವು ಮಿದುಳಿನ ಮುಂತುದಿಯ ಆಲ್‌ಫ್ಯಾಕ್ಟರಿ ಬಲ್ಬ್ ಎಂಬ ಭಾಗಕ್ಕೆ ಸುದ್ದಿ ಮುಟ್ಟಿಸುತ್ತವೆ. ನಾವದನ್ನು ಘ್ರಾಣಗೆಡ್ಡೆ ಎನ್ನೋಣ. ಅಲ್ಲಿಂದ ಸುದ್ದಿ ಕವಲೊಡೆಯುತ್ತದೆ. ಇದು ಇಂಥದರ ವಾಸನೆ ಎಂಬ ಗುರುತು ಮೂಡುವುದರಲ್ಲಿ ಪಿರಿಫಾರ್ಮ್ ಎಂಬ ಹೊರಪದರದ ಪಾತ್ರ ದೊಡ್ಡದು. ಅಮಿಗ್ಡಲಕ್ಕೆ ಹೋದ ಕವಲು ಭಯವನ್ನೋ ಬಯಕೆಯನ್ನೋ ಕೆರಳಿಸುತ್ತದೆ. ಎಂಟೋರೈನಲ್ ಪದರದ ಮೂಲಕ ಸಾಗಿದ್ದು ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ಸನ್ನು ತಲುಪುತ್ತದೆ. ಕಣ್ಣು ಕಿವಿಗಳ ಸುದ್ದಿ ಥಲಮಸ್ ಎಂಬ ಠಾಣೆಯನ್ನು ಹಾದೇ ಹೊರಪದರವನ್ನು ಸೇರಬೇಕು. ವಾಸನೆಗೆ ಆ ಕಟ್ಟಳೆಯಿಲ್ಲ.

ಇಲಿಗೂ ದನಕ್ಕೂ ನಮಗೂ ಈ ದಾರಿ ಬಹುಮಟ್ಟಿಗೆ ಒಂದೇ. ಡಾಲ್ಫಿನ್ನಿನಂಥ ಹಲ್ಲುಳ್ಳ ತಿಮಿಂಗಿಲಗಳಲ್ಲಿ ಮಾತ್ರ ಘ್ರಾಣಗೆಡ್ಡೆಯೇ ಅಳಿದುಹೋಗಿದೆ. ಮನುಷ್ಯನ ಗೆಡ್ಡೆ ಉಳಿದ ಮಿದುಳಿನ ಮುಂದೆ ಚಿಕ್ಕದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಪಾಲ್ ಬ್ರೋಕ ನಮ್ಮನ್ನು ಮಂದಘ್ರಾಣಿಗಳ ಸಾಲಿಗೆ ಸೇರಿಸಿದ. ಅದು ಅವಸರದ ತೀರ್ಪೆಂದು 2017ರಲ್ಲಿ ಜಾನ್ ಮೆಕ್‌ಗ್ಯಾನ್ ವಾದಿಸಿದರು. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಬಲ್ಲ ನಮಗೆ ಅದನ್ನು ಒಪ್ಪಲು ಕಷ್ಟವೇನಿಲ್ಲ.

ಆದರೂ ಆನೆಯ ಮುಂದೆ ನಾವು ಬಡವರೇ. 2014ರಲ್ಲಿ ಪ್ರಕಟವಾದ ಎಣಿಕೆಯಂತೆ ವಾಸನೆಗ್ರಾಹಕಗಳನ್ನು ರೂಪಿಸುವ ಜೀನುಗಳು ಆಫ್ರಿಕದ ಆನೆಯಲ್ಲಿ ಸುಮಾರು 2,000, ನಾಯಿಯಲ್ಲಿ 800, ನಮ್ಮಲ್ಲಿ 400. ಥಾಯ್ಲೆಂಡಿನ ಆನೆಗಳು ಮುಚ್ಚಿದ ಎರಡು ಬಕೆಟ್ಟುಗಳಲ್ಲಿ ಯಾವುದರಲ್ಲಿ ಸೂರ್ಯಕಾಂತಿ ಬೀಜ ಹೆಚ್ಚಿದೆಯೆಂದು ಮೂಸಿಯೇ ಆರಿಸಿದ್ದನ್ನು 2019ರ ಅಧ್ಯಯನವೊಂದು ದಾಖಲಿಸಿದೆ. ಕೀನ್ಯಾದ ಅಂಬೊಸೆಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಲ್ಲಿ ಆನೆಗಳಿಗೆ ಈಟಿ ಎಸೆಯುವವರು ಮಸಾಯಿ ಯುವಕರು. ಬೇಸಾಯಗಾರರಾದ ಕಂಬ ಜನರಿಂದ ಅಷ್ಟು ಅಪಾಯವಿಲ್ಲ. ಮಸಾಯಿಗಳು ಉಟ್ಟ ಬಟ್ಟೆಯನ್ನಷ್ಟೇ ಇಟ್ಟಾಗ ಆನೆಗಳು ಹೆಚ್ಚು ವೇಗವಾಗಿ, ಹೆಚ್ಚು ದೂರ ಓಡಿದವು. ಮನುಷ್ಯರಾರೂ ಎದುರಿಗಿರಲಿಲ್ಲ, ವಾಸನೆಯೊಂದೇ ಸಾಕಾಯಿತು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಆನೆಯನ್ನು ಕರೆಯುತ್ತಿರುವುದು ಹಣ್ಣಿನ ವಾಸನೆ. ಮನೆಯ ಹತ್ತಿರದ ಮರಗಳಿಂದ ಕಾಯಿಯನ್ನು ಎಳೆಯದಿರುವಾಗಲೇ ಇಳಿಸಿರಿ; ಗುಜ್ಜೆಗೆ ಪಲ್ಯದ ರುಚಿಯೂ ಇದೆ, ಗಿರಾಕಿಯೂ ಇದ್ದಾರೆ. ಕೊಳೆತ ಹಣ್ಣನ್ನು ಬುಡದಲ್ಲಿ ಬಿಡಬೇಡಿರಿ. ಮೊದಲ ವರ್ಷವೇ ಆನೆ ಬಾರದೆಂದು ಮಾತ್ರ ಎಣಿಸಬೇಡಿರಿ. ಆ ಜಾಗದಲ್ಲಿ ಹಣ್ಣಿತ್ತೆಂಬ ನೆನಪು ಅದರ ತಲೆಯಲ್ಲಿ ಇನ್ನೂ ಇರುತ್ತದೆ.