ಕಾಡಂಚಿನ ಕೋವಿ



೧೮೭೮ರಲ್ಲಿ ಲಿಟ್ಟನ್ ಪ್ರಭುವಿನ ಆಡಳಿತವು ಆಯುಧಗಳ ಕಾಯಿದೆಯನ್ನು ತಂದಿತು. ಹುಲಿ, ಹಂದಿಗಳ ನಡುವೆ ಬಾಳುವ ರೈತನೂ ಪರವಾನಗಿಗಾಗಿ ಸರಕಾರದ ಬಾಗಿಲು ಕಾಯಬೇಕಾಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ವಿನಾಯಿತಿಯು ಇಂದಿಗೂ ಉಳಿದುಬಂದಿದೆ; ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಉಳಿದ ಮಲೆನಾಡಿನ ರೈತನ ಪ್ರಾಣವೇನು ಅಗ್ಗವೇ?

೧೯೩೦ರಲ್ಲಿ ಮಹಾತ್ಮರು ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಕೋವಿಯ ಪರವಾನಗಿಯೂ ಒಂದಾಗಿತ್ತು; ಆದರೆ ಅದು ಪ್ರಜೆಗಳ ಹತೋಟಿಗೆ ಒಳಪಟ್ಟಿರಬೇಕೆಂದೂ ಅವರು ಹೇಳಿದ್ದರು. ಅಂಜಿಕೆಯು ಅಹಿಂಸೆಯಲ್ಲ, ಅಂತೆಯೇ ಹತೋಟಿಯಿಲ್ಲದ ಕೋವಿಯು ಶೌರ್ಯವಲ್ಲ.

ಸ್ವತಂತ್ರ ಭಾರತದ ಕಾನೂನೂ ಈ ಎರಡನ್ನೂ ಬಲ್ಲದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ೧೧ನೆಯ ಕಲಮಿನಂತೆ, ತನ್ನ ಅಥವಾ ಪರರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮೃಗವನ್ನು ಕೊಂದವನು ಅಪರಾಧಿಯಲ್ಲ. ಆದರೆ ಆ ಸಮಯದಲ್ಲಿ ಕಾಯಿದೆಯನ್ನು ಮೀರುತ್ತಿದ್ದವನಿಗೆ ಈ ರಕ್ಷೆಯಿಲ್ಲ. ಬಿದ್ದ ಮೃಗವೂ ಸರಕಾರದ ಸ್ವತ್ತು. ಬೇಟೆಗಾರನು ರೈತನ ವೇಷದಲ್ಲಿ ಬಾರದಿರಲೆಂದೇ ಈ ಕಟ್ಟು.

ಆದುದರಿಂದ ಸೋದರರೇ, ಮೊದಲು ದೀಪ, ಸದ್ದು, ಜೊತೆಗಾರ. ಕೋವಿಯು ಕಟ್ಟಕಡೆಯ ಉಪಾಯ. ಕಾಡಂಚಿನ ರೈತನಿಗೆ ಪರವಾನಗಿಯು ಅಲೆದಾಟವಿಲ್ಲದೆ ದೊರೆಯಲಿ ಎಂದು ಕೇಳೋಣ. ಹಕ್ಕನ್ನು ಕೇಳುವ ಬಾಯಿಂದಲೇ ಹೊಣೆಯನ್ನೂ ಒಪ್ಪಿಕೊಳ್ಳೋಣ.